ನ್ಗಾರಾದ ಹೆಂಚಿನ ಮನೆ

"ಇನ್ನೊಂಚೂರು ಎಡಕ್ಕೆ... ನಿಲ್ಲಿ, ನಿಲ್ಲಿ!" ಡಾಕ್ಟರ್ ಚಿದಾನಂದ ಕೂಗಿದರು.

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಮೇಲಕ್ಕೆ ತಂದಿದ್ದರು. ಈಗ ಒಳಗೆ ಹರ್ಬರ್ಟ್ ರೆಬೆಲ್ಲೊ ಮಲಗಿದ್ದರು. ಹೊರಗೆ ಏಪ್ರಿಲ್ ಮಳೆ. ಇಗರ್ಜಿಯಲ್ಲಿ ಪಾದ್ರಿ ಕಾಯುತ್ತಿದ್ದರು.

"ಜಸ್ಟ್ ಕಟ್ ದ ರೇಲಿಂಗ್, ಮಮ್ಮಿ," ಎಂದ ಮಗ ವಿನ್ಸೆಂಟ್. "ಇಟ್ಸ್ ಓನ್ಲಿ ವುಡ್."

"ಓನ್ಲಿ ವುಡ್ ಅಂತೆ!" ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ವಿನಿಫ್ರೆಡ್ ದನಿ ಒಡೆದಿತ್ತು. "ಈ ಮನೇಲಿ ಒಂದು ಮೊಳೆ ಹೊಡೀಲಿಕ್ಕೂ ಪರ್ಮಿಶನ್ ಬೇಕು. ಕೇಳು ನಿನ್ನ ಡ್ಯಾಡೀನ."

*

ಅರವತ್ತೆಂಟರಲ್ಲಿ ನೈರೋಬಿಯ ನ್ಗಾರಾ ಬಡಾವಣೆಯ ಭಾರತೀಯರು ಅರ್ಧ ಬೀದಿ ಖಾಲಿ ಮಾಡಿ ಲಂಡನ್ನಿಗೆ ಹೊರಟಾಗ ಡ್ರಾಯಿಂಗ್ ಮೇಷ್ಟ್ರು ಹರ್ಬರ್ಟ್ ಈ ಕಲ್ಲಿನ ಮನೆ ಕೊಂಡಿದ್ದರು. ಮಾಡಿನ ಹೆಂಚೊಂದನ್ನು ತಿರುವಿದರೆ ಮಂಗಳೂರಿನ ಕಾರ್ಖಾನೆಯ ಮುದ್ರೆ.

"ನಮಗಿಂತ ಮೊದಲೇ ಬಂದಿದ್ದಾವೆ ನೋಡು!" ಎಂದು ಹೆಂಡತಿಗೆ ತೋರಿಸಿ ಹಿಗ್ಗಿದ್ದರು.

ಎಂಬತ್ತರ ದಶಕದಲ್ಲಿ ಅಕ್ಕಪಕ್ಕದ ಹಳೆಯ ಮನೆಗಳು ಉರುಳಿ ಸಗಟು ಅಂಗಡಿಗಳೆದ್ದವು. ಒಬ್ಬ ಬಿಲ್ಡರ್ ಇವರ ಬಾಗಿಲಿಗೂ ಬಂದ. ಮಾರೋಣ ಎಂದರು ವಿನಿಫ್ರೆಡ್. ಹರ್ಬರ್ಟ್ ಅವರಿಗೊಂದು ಮಾತೂ ಹೇಳದೆ ಕಚೇರಿಗಳಿಗೆ ಅಲೆದು, ಮನೆಯನ್ನು ಸಂರಕ್ಷಿತ ಕಟ್ಟಡವೆಂದು ಘೋಷಣೆ ಮಾಡಿಸಿಕೊಂಡು ಬಂದರು.

"ಇನ್ನು ಇದನ್ನ ಯಾರೂ ಮುಟ್ಟುವ ಹಾಗಿಲ್ಲ, ವಿನ್ನಿ!"

ಯಾರೂ ಎಂದರೆ ತಾವೂ ಎಂಬುದು ಮಾಡು ಸೋರತೊಡಗಿದ ಮೇಲೆ ತಿಳಿಯಿತು. ಒಡೆದ ಹೆಂಚಿಗೆ ಅಂಥದೇ ಹೆಂಚು ಹಾಕಬೇಕು. ಅದು ನೈರೋಬಿಯಲ್ಲಿ ಸಿಗದು. ತಗಡು ಹೊದಿಸಬೇಕಾದರೆ ಮೊದಲು ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಹರ್ಬರ್ಟ್ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಕಚೇರಿಗೆ ಹೋಗುವರು. "ಕೆಶೋ ಅಂದ್ರು. ನಾಳೆ," ಎಂದು ಹೆಂಡತಿಯ ಮುಖ ನೋಡದೆ ಷೂ ಬಿಚ್ಚುವರು. ವಿನಿಫ್ರೆಡ್ ಮಂಚವನ್ನು ಒಣಗಿದ ಮೂಲೆಗೆ ಎಳೆಯುವರು. ಹೀಗೇ ವರ್ಷಗಳು ಹೋದವು.

ಈ ಸಲ ಮಳೆ ಹಿಡಿದಾಗ ಹರ್ಬರ್ಟ್ ತಾವೇ ತಾಡಪತ್ರಿ ಹೊತ್ತು ಮಾಡು ಹತ್ತಿದರು. ತೊಪ್ಪೆಯಾಗಿ ಇಳಿದರು. ಜ್ವರ ಎದೆಗೆ ಇಳಿಯಿತು.

*

"ವಿನಿಫ್ರೆಡ್ ಅವ್ರೇ," ಎಂದರು ಚಿದಾನಂದ, "ರೇಲಿಂಗ್ ಕುಯ್ಯಬೇಕು. ಇಲ್ಲಾಂದ್ರೆ ಪೆಟ್ಟಿಗೇನ ಖಾಲಿ ಇಳಿಸಿ, ಅವರನ್ನ ಶೀಟಲ್ಲಿ ಎತ್ಕೊಂಡು ಬರಬೇಕು. ನೀವೇ ಹೇಳಿ."

ವಿನ್ಸೆಂಟನ ಡ್ರೈವರ್ ಆಗಲೇ ಗರಗಸ ತಂದಿದ್ದ.

"ಕುಯ್ಯೋದು ಬೇಡ. ಇದಕ್ಕೋಸ್ಕರ ಆ ಕಚೇರಿ ಮೆಟ್ಟಿಲು ನಾನು ಹತ್ತೋದಿಲ್ಲ."

ನಾಲ್ವರು ಹಾಸಿಗೆಯ ಚಾದರದಲ್ಲಿ ಹರ್ಬರ್ಟರನ್ನು ಹೊತ್ತು ಇಳಿಸಿದರು. ತಿರುವಿನಲ್ಲಿ ಅವರ ತಲೆ ಗೋಡೆಗೆ ತಾಗದಂತೆ ವಿನಿಫ್ರೆಡ್ ಅಂಗೈ ಅಡ್ಡ ಹಿಡಿದರು.

ಕೆಳಗೆ ಅವರನ್ನು ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸಿ ವ್ಯಾನಿಗೇರಿಸುತ್ತಿದ್ದಾಗ, ಗೇಟಿನಲ್ಲಿ ಒಬ್ಬಾತ ಕೊಡೆ ಮಡಚಿದ.

"ಮಿಸ್ಟರ್ ರೆಬೆಲ್ಲೊ? ಐ ಹ್ಯಾವ್ ಕಮ್ ಟು ಇನ್ಸ್‌ಪೆಕ್ಟ್ ದ ರೂಫ್."

ಪೆಟ್ಟಿಗೆ ಕಂಡು ಆತ ಟೋಪಿ ತೆಗೆದ. "ಪೋಲೆ ಸಾನಾ, ಮಾಮಾ." ವಿನಿಫ್ರೆಡ್ ಅವರನ್ನು ಅಮ್ಮ ಎಂದು ಕರೆದು ಸ್ವಾಹಿಲಿಯಲ್ಲಿ ಸಂತಾಪ ಹೇಳಿದ. "ಐ ವಿಲ್ ಕಮ್ ಕೆಶೋ."

"ನೋ!" ವಿನಿಫ್ರೆಡ್ ಕೈಚೀಲದಿಂದ ಬೀಗದಕೈ ತೆಗೆದು ಅವನ ಅಂಗೈಗೆ ತುರುಕಿದರು. "ಟುಡೇ. ಗೋ ಅಪ್."

"ಮಮ್ಮಿ, ಪ್ಲೀಸ್..." ವಿನ್ಸೆಂಟ್ ಅವರ ತೋಳು ಹಿಡಿದ. ಅವರು ಕೊಸರಿಕೊಂಡು ವ್ಯಾನ್ ಹತ್ತಿದರು.

ವ್ಯಾನು ಹೊರಟಿತು. ವಿನಿಫ್ರೆಡ್ ಹಿಂದಿನ ಗಾಜಿನ ಮಂಜು ಒರೆಸಿ ತಿರುಗಿ ನೋಡಿದರು. ಮಲಗುವ ಕೋಣೆಯ ಕಿಟಕಿಯೊಳಗೆ ಆ ಮನುಷ್ಯ ಸೂರಿನತ್ತ ಮುಖವೆತ್ತಿ ನಿಂತಿದ್ದ. ಆಮೇಲೆ, ನಿಂತಲ್ಲೇ, ಕೊಡೆ ಬಿಚ್ಚಿದ.