ಕಿಟಕಿಯ ಒಳಗಿನಿಂದ ಓದಿ ನೋಡಿ

ಪರೀಕ್ಷೆಗೆ ಇನ್ನು ಹದಿನೈದೇ ದಿನ. ಬೀದಿಯ ಲೈಬ್ರರಿಗೆ ಮಾತ್ರ ಸಂಜೆ ಐದಕ್ಕೇ ಬೀಗ. ಲೈಬ್ರರಿಗಳ ಅಧಿಕಾರಿ ಮೇಡಂ ಹೋದ ತಿಂಗಳು ಹೊರಡಿಸಿದ ಆದೇಶ ಅದು. ಮನೆಯಲ್ಲಿ ಕೂತು ಓದಲು ಒಂದು ಮೂಲೆಯೂ ಇಲ್ಲದ ನಮ್ಮ ಹುಡುಗಿ ಗಡಿಬಿಡಿಗೆ (ಮನೆಯವರೆಲ್ಲ ಅವಳನ್ನು ಕರೆಯುವುದೇ ಹಾಗೆ) ಪಿತ್ತ ನೆತ್ತಿಗೇರಿತು. ಒಂದು ದೊಡ್ಡ ರಟ್ಟು ಹಿಡಿದು, ಬೋರ್ಡ್ ಬರೆಯುವ ಚಿಕ್ಕಮ್ಮನ ಅಂಗಡಿಗೆ ನುಗ್ಗಿದಳು.

ಬರೆಯಬೇಕಾದ ಸಾಲು ಫೋನಿನಲ್ಲಿತ್ತು: 'ಗಂಡನನ್ನು ಮುಗಿಸಿದಿರಿ, ಈಗ ಲೈಬ್ರರಿಯಾ?' ಮೇಡಂ ಅವರ ಗಂಡ ತೀರಿಕೊಂಡು ವಾರವಾಗಿತ್ತಷ್ಟೇ. ಸಂಜೆ ಅವರ ಮನೆ ಮುಂದೆಯೇ ಕೂಗುವುದೆಂದು ಗೆಳತಿಯರೆಲ್ಲ ಮಾತಾಡಿಕೊಂಡಿದ್ದರು.

ಚಿಕ್ಕಮ್ಮ ಅದನ್ನು ಹಾಗೇ ಬರೆದಳು. ಆದರೆ ಓದುವವರು ಇರುವ ಜಾಗದಲ್ಲಿ ನಿಂತು ಓದಿ ನೋಡದೆ ಯಾವ ಬೋರ್ಡನ್ನೂ ಅವಳು ಹೊರಗೆ ಕಳಿಸಿದವಳಲ್ಲ. ರಟ್ಟನ್ನು ಬೀದಿಯಲ್ಲಿಟ್ಟು, ಗಡಿಬಿಡಿಯನ್ನು ಅಂಗಡಿಯ ಕಿಟಕಿಯ ಹಿಂದೆ ಕೂರಿಸಿದಳು. ಮೇಡಂ ಮನೆ ಕಿಟಕಿಯಲ್ಲಿ ಯಾರ್ಯಾರು ಇರುತ್ತಾರೆಂದು ಕೇಳಿದಳು.

ಮೇಡಂ ಇರುತ್ತಾರೆ. ಮತ್ತೆ ಅವರ ಮಗಳು. ಲೈಬ್ರರಿಯಲ್ಲಿ ಪಕ್ಕದಲ್ಲೇ ಕೂತು ಗಡಿಬಿಡಿಯ ಸ್ಕೆಚ್ ಪೆನ್ ಎಗರಿಸುವ ಪುಟ್ಟ ತರಲೆ.

"ಸರಿ, ಅವಳಾಗಿ ಓದು."

"ಅಪ್ಪನ್ನ..." ಎಂದಳು ಗಡಿಬಿಡಿ. ಅಷ್ಟಕ್ಕೇ ಕಿಟಕಿ ಬಿಟ್ಟು ಎದ್ದಳು.

ಆದರೂ ಸೋಲೊಪ್ಪುವ ಜಾತಿಯಲ್ಲ ಅದು. "ಮಾತಾಡೋ ಹಕ್ಕಿಲ್ವಾ ಚಿಕ್ಕಮ್ಮ ನಂಗೆ? ನೋವಾಗುತ್ತೆ ಅಂತ ಎಲ್ರೂ ಬಾಯಿ ಹೊಲ್ಕೊಂಡ್ರೆ ಅಧಿಕಾರಿಗಳನ್ನ ಕೇಳೋರ್ಯಾರು?"

"ಹಕ್ಕಿದೆ ಕಣೇ. ನಿಮ್ಮ ಆದೇಶ ತಪ್ಪು ಅಂದ್ರೂ ಮೇಡಂಗೆ ನೋವಾಗುತ್ತೆ. ಆಗ್ಲಿ ಬಿಡು. ಅದನ್ನ ಕೇಳಿಸ್ಕೊಳ್ಳೋದು ಅವ್ರ ಕೆಲ್ಸ. ಆದ್ರೆ ಅವ್ರ ಮನೇಲಿ ಸಾವಾಗಿದ್ದು ಅವ್ರು ಹೊರಡಿಸಿದ ಆದೇಶ ಅಲ್ವಲ್ಲೇ."

ಗಡಿಬಿಡಿ ರಟ್ಟನ್ನು ಮಗುಚಿ ಹಾಕಿದಳು. "ಈ ಕಡೆ ಬರಿ ಹಾಗಾದ್ರೆ. ಅಕ್ಷರ ದೊಡ್ಡದಿರ್ಲಿ."

ಮಾರನೆಯ ಬೆಳಿಗ್ಗೆ ಪರೀಕ್ಷೆಗೆ ಓದುವ ಮೂವತ್ತು ಮಂದಿ ಮೇಡಂ ಕಚೇರಿಯ ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿ ಕೂತು, ಕಿವಿ ಗುಂಯ್‌ಗುಡುವಂತೆ ಪಾಠ ಓದಿದರು. ಎದುರಿಗೆ ಫಲಕ: 'ಐದಕ್ಕೇ ಬೀಗ ಹಾಕಿದರೆ ನಾವೆಲ್ಲಿ ಓದೋಣ?' ಮಧ್ಯಾಹ್ನದೊಳಗೆ, ಪರೀಕ್ಷೆ ಮುಗಿಯುವ ತನಕ ರಾತ್ರಿ ಎಂಟರವರೆಗೆ ಲೈಬ್ರರಿ ತೆರೆದಿಡುವ ಮಾತು ಕಚೇರಿಯಿಂದ ಸಿಕ್ಕಿತು.

ಕೆಲವು ದಿನ ಕಳೆದು ಪುಟ್ಟ ತರಲೆ ಮತ್ತೆ ಪಕ್ಕದ ಕುರ್ಚಿಗೆ ಬಂದಳು. ಸ್ಕೆಚ್ ಪೆನ್ ಮೆಲ್ಲಗೆ ಆ ಕಡೆ ಸರಿಯಿತು. ಗಡಿಬಿಡಿ ನೋಡಿಯೂ ನೋಡದಂತೆ ಇದ್ದಳು.

ನೀವೂ ಕೇಳಿ, ಜೋರಾಗಿಯೇ ಕೇಳಿ. ಮಾಡಿದ ತಪ್ಪನ್ನು ಪ್ರಶ್ನಿಸಿ, ಯಾರದೋ ಮನೆಯ ದುಃಖವನ್ನಲ್ಲ. ಫಲಕ ಎತ್ತುವ ಮೊದಲು, ಫೋನಿನಲ್ಲಿ ಅಂಥ ಸಾಲು ಕಳಿಸುವ ಮೊದಲು, ಒಂದು ಸಲ ಕಿಟಕಿಯ ಒಳಗೆ ಕೂತು ಓದಿ ನೋಡಿ.