ಪಂಪು ಹಚ್ಚಿದ್ದು

ದಸರೆಯ ಬನ್ನಿ ಹಬ್ಬ ಮುಗಿಸಿ ವಿಜಯಪುರದಿಂದ ಬಂದ ಪರಪ್ಪ ಘಾಟ್ಕೋಪರ್‌ನ ಬಂಗಲೆಯ ಹಿತ್ತಲಿಗೆ ಕಾಲಿಟ್ಟು ನೋಡಿದರೆ, ಹೋಗುವಾಗ ತಳದ ಟೈಲ್ಸ್ ಎಣಿಸುವಷ್ಟು ತಿಳಿಯಾಗಿದ್ದ ಈಜುಕೊಳ ಪಾಚಿಗಟ್ಟಿ ಹಸಿರಾಗಿತ್ತು. ಐದೇ ದಿನದಲ್ಲಿ!

ಆ ಕೊಳ ಶೋಕಿಗೆ ಕಟ್ಟಿಸಿದ್ದಲ್ಲ. ಮನೆಯೊಡತಿ ಸುಬ್ಬಲಕ್ಷ್ಮಮ್ಮನವರ ಮಂಡಿ ಸವೆದು, ಪರೇಲಿನ ಡಾಕ್ಟರು ನೀರಿನಲ್ಲಿ ನಡೆಯಿರಿ ಎಂದಾಗ ಯಜಮಾನರು ಜಯಸಿಂಹ ತೋಡಿಸಿದ್ದು. ಹನ್ನೊಂದು ವರ್ಷದಿಂದ ಅದರ ಆರೈಕೆ ಪರಪ್ಪನದು. ಅವನು ತೊಳೆಯುವ ಕೊಳಗಳು ಆರಿದ್ದರೂ ಉಳಿದೆಡೆಯೆಲ್ಲ ಅವನು ಬರೀ ಪೂಲ್‌ವಾಲಾ. ಕನ್ನಡದಲ್ಲಿ ಹೆಸರು ಹಿಡಿದು ಕರೆದು ಕಾಫಿ ಕೊಡುವ ಮನೆ ಇದೊಂದೇ. ಇದು ಕೈತಪ್ಪಿದರೆ ಹೊಟ್ಟೆ ಹೇಗೋ ತುಂಬೀತು, ಮನಸ್ಸಿಗೆ ಮಾತ್ರ ಉಪವಾಸ.

ನಿನ್ನೆಯಷ್ಟೇ ಪುಣೆಯಿಂದ ಮರಳಿದ್ದ ಜಯಸಿಂಹ ಕೊಳದ ಅಂಚಿನಲ್ಲಿ ನಿಂತಿದ್ದರು.

"ಏನಯ್ಯ ಇದು, ಕೊಳವೋ ಕೆರೆಯೋ? ಇವಳು ಹೇಗೆ ಇಳೀಬೇಕು? ಕಂಪನಿಯೋರಿಗೆ ಹೇಳಿದೀನಿ, ಹತ್ತು ಗಂಟೆಗೆ ಬರ್ತಾರೆ. ಇನ್ಮೇಲೆ ಅವರೇ ನೋಡ್ಕೋತಾರೆ."

"ಅಮ್ಮಾರಿಗೆ ಹೇಳಿ ಹೋಗಿದ್ನಿರಿ ಸಾಹೇಬ್ರ, ದಿನಾ ಮುಂಜಾನಿ ಪಂಪ್ ಹಚ್ರಿ ಅಂತ."

"ಹೇಳಿದ ಕೆಲಸ ಮರೆಯೋಳಲ್ಲ ಅವಳು."

ಅದು ಪರಪ್ಪನಿಗೂ ಗೊತ್ತಿತ್ತು. ಪಂಪೇ ಕೆಟ್ಟಿರಬೇಕೆಂದು ಮೆಟ್ಟಿಲಡಿಯ ಗೂಡಿನ ಬಾಗಿಲು ತೆರೆದು ಬಗ್ಗಿ ನೋಡಿದ. ಪಂಪಿನ ಮೈತುಂಬ ಅರಿಶಿನ, ಅದರ ಮೇಲೆ ಸಾಲಾಗಿ ಐದು ಕುಂಕುಮದ ಬೊಟ್ಟು. ಬಾಡಿದ ಸೇವಂತಿಗೆಗಳ ಮೇಲೊಂದು ಹೊಸ ಸೇವಂತಿಗೆ. ಸ್ವಿಚ್ಚನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಅವನ ಸೀಮೆಯಲ್ಲಿ ದೀಪ ಹಚ್ಚಿದಂತೆ ಪಂಪನ್ನೂ ಹಚ್ಚುತ್ತಾರೆ. ಮೈಸೂರಿನ ಅಮ್ಮನಿಗೆ, ಅದೂ ಆಯುಧಪೂಜೆಯ ವಾರದಲ್ಲಿ, ಹಚ್ಚುವುದೆಂದರೆ ಅರಿಶಿನ ಕುಂಕುಮವೇ! ಪರಪ್ಪನಿಗೆ ನಗು ಉಕ್ಕಿತು. ಮರುಗಳಿಗೆಯೇ ಗೂಡು ಎಷ್ಟು ತಗ್ಗಿನಲ್ಲಿದೆಯೆಂಬುದು ಕಣ್ಣಿಗೆ ಬಿತ್ತು. ಮಂಡಿಯೂರದೆ ಅಲ್ಲಿಗೆ ಕೈ ಎಟಕುವುದಿಲ್ಲ. ಆ ಮಂಡಿಯನ್ನು ಐದು ದಿನ ಊರಿದ್ದಾರೆ. ಕಣ್ಣು ಹನಿಗೂಡಿತು.

ಹೇಳಿದರೆ ಅಮ್ಮ ನಗೆಪಾಟಲು, ಹೇಳದಿದ್ದರೆ ಈ ಮನೆ ಇಲ್ಲ. ಅವನು ಗೂಡಿನ ಬಾಗಿಲು ಮುಚ್ಚಿದ.

"ತಪ್ಪು ನಂದರೀ ಸಾಹೇಬ್ರ. ಹೇಳೂದು ಬರೋಬರಿ ಹೇಳಲಿಲ್ಲ."

ಅಷ್ಟರಲ್ಲಿ ಸುಬ್ಬಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು, ಕಾಫಿ ಲೋಟದೊಂದಿಗೆ ಬಂದರು. "ಬಂದ್ಯಾ ಪರಪ್ಪ? ಇವತ್ತೂ ಹಚ್ಚಿದೀನಿ ನೋಡು. ಕೂತರೆ ಏಳೋಕಾಗ್ತಿರಲಿಲ್ಲ, ಆದ್ರೂ ಒಂದು ದಿನಾನೂ ತಪ್ಪಿಸಲಿಲ್ಲ. ಅಷ್ಟು ಹೇಳಿ ಹೋಗಿದ್ಯಲ್ಲ!"

ಜಯಸಿಂಹ ಹೋಗಿ ಗೂಡಿನ ಬಾಗಿಲು ತೆರೆದರು. ಪಂಪನ್ನು ನೋಡಿದರು, ಪರಪ್ಪನನ್ನು ನೋಡಿದರು.

"ನಿಮ್ಮ ಕಡೆ ಹಚ್ಚೋದು ಅಂದ್ರೆ ಸ್ವಿಚ್ ಹಾಕೋದೇನಯ್ಯ?"

"ಹೌದ್ರಿ."

"ಅಯ್ಯೋ ನನ್ನ ಶಿವನೇ!" ಎಂದು ಸುಬ್ಬಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು.

ಜಯಸಿಂಹ ನಗಲಿಲ್ಲ. ಫೋನು ತೆಗೆದು, ಬರುವುದು ಬೇಡವೆಂದು ಕಂಪನಿಯವರಿಗೆ ಹಿಂದಿಯಲ್ಲಿ ಹೇಳಿದರು. ಆಮೇಲೆ ಪರಪ್ಪನತ್ತ ತಿರುಗಿದರು.

"ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ. ಈ ಮನೇನ ನೀನು ಹಚ್ಕೊಂಡಿದೀಯ ಕಣಯ್ಯ. ಈ ಹಚ್ಚೋದಕ್ಕೆ ಮೈಸೂರಲ್ಲೂ ಅದೇ ಅರ್ಥ."

ಪರಪ್ಪ ಕುಂಕುಮಕ್ಕೆ ಕೈ ತಾಗದಂತೆ ಮಂಡಿಯೂರಿ ಪಂಪು ಹಚ್ಚಿದ.