ವಂದನಾಲು

ಒಳಗೆ ಕಾಲಿಟ್ಟ ತಕ್ಷಣ ಹೇಳಿಬಿಡಬೇಕೋ, ಕಾಫಿ ಬರುವ ತನಕ ಕಾಯಬೇಕೋ? ಹೇಳಿದ ಮೇಲೆ ಅಲ್ಲಿರುವವರು ಬೇರೆ ಯಾರೋ ಆಗಿದ್ದರೆ? ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಲು ಬರುವುದಿಲ್ಲ. ಓಬಳರಾಜು ಬೈಕಿನಿಂದ ಇಳಿಯದೆ ಕೂತೇ ಇದ್ದ.

ಪಾವಗಡದಿಂದ ತಿರುಮಣಿಗೆ ಹೋಗುವ ರಸ್ತೆ. ಮಂಗಳಕ್ಕ ಹೇಳಿದ ಗುರುತೆಲ್ಲ ಸರಿಯಿತ್ತು: ಹುಣಸೆಮರ, ತಗಡಿನ ಸೂರಿನ ಹೋಟೆಲು, ಎದುರಿಗೆ ಸೋಲಾರ್ ಪಾರ್ಕಿನ ತಂತಿ ಬೇಲಿ. ಬೋರ್ಡೊಂದು ಮಾತ್ರ ಸರಿಯಿರಲಿಲ್ಲ. ‘ಶಾಲೋಮ್ ಕಾಫಿ’ ಎಂದಿರಬೇಕಿತ್ತು; ‘ಶಾಲೋಮ್’ ಎಂದರೆ ಬೈಬಲಿನ ಭಾಷೆಯಲ್ಲಿ ಶಾಂತಿ. ಮೊದಲ ಪದದ ಮೇಲೆ ಯಾರೋ ನೀಲಿ ಬಣ್ಣ ಬಳಿದಿದ್ದರು. ಓರೆ ಬಿಸಿಲಿಗೆ ಒಳಗಿನ ಅಕ್ಷರಗಳು ಬಾಸುಂಡೆಯ ಹಾಗೆ ಉಬ್ಬಿ ಕಾಣುತ್ತಿದ್ದವು.

ಮಂಗಳಕ್ಕ ತುಮಕೂರಿನ ಅವನ ಚರ್ಚಿನಲ್ಲಿ ಹಾಡು ಹೇಳಿಕೊಡುವವಳು. ಪ್ಯಾನೆಲ್ ತಪಾಸಣೆಯ ಕೆಲಸದ ಮೇಲೆ ಒಬ್ಬನೇ ಊರೂರು ತಿರುಗುವ ಇವನು, ಭಾನುವಾರ ಬಂತೆಂದರೆ ಕ್ರೈಸ್ತರ ಕಾಫಿ ಅಂಗಡಿಗಾಗಿ ಫೋನಿನಲ್ಲಿ ಹುಡುಕುತ್ತಾನೆಂದು ಕೇಳಿ ಅವಳು ನಕ್ಕಿದ್ದಳು. ಬೆಂಗಳೂರಿನಲ್ಲಾದರೆ ಗೋಡೆಯ ಮೇಲೆ ವಾಕ್ಯ ಬರೆದು, ಮೂಲೆಯಲ್ಲಿ ಗಿಟಾರ್ ಇಟ್ಟ ಅಂಥ ಅಂಗಡಿಗಳಿದ್ದವು. ಸಿರಾದಲ್ಲಿ, ಮಧುಗಿರಿಯಲ್ಲಿ, ಕೊರಟಗೆರೆಯಲ್ಲಿ ಎಷ್ಟು ಹುಡುಕಿದರೂ ಫೋನು ಬೇಕರಿಗಳನ್ನೇ ತೋರಿಸುತ್ತಿತ್ತು.

“ಫೋನಲ್ಲಿ ಸಿಕ್ಕಾಕಿಲ್ಲ ಕಣಪ್ಪ ನಮ್ಮೋರು,” ಎಂದಿದ್ದಳು ಮಂಗಳಕ್ಕ. “ಇಂದ್ರಮ್ಮನ ಹೋಟ್ಲಿಗೆ ಹೋಗು. ಭಾನ್ವಾರ ಬೆಳಿಗ್ಗೆ ಹಿಂದ್ಗಡೆ ಕೋಣೇಲಿ ಸೇರ್ತಾರೆ. ತೆಲುಗು ಕಡೆಯೋರು, ನಮ್ಮಂಗೆ ‘ಸ್ತೋತ್ರ’ ಅನ್ನಲ್ಲ, ‘ವಂದನಾಲು’ ಅಂತಾರೆ. ಹೋಗ್ತಿದ್ದಂಗೆ ಅದೊಂದು ಮಾತು ಅಂದ್ಬುಡು. ಆಮೇಲೆ ಊಟ ಮಾಡಿಸ್ದೆ ನಿನ್ನ ಬುಟ್ರೆ ಕೇಳು.”

ಒಂದು ಮಾತು. ಅಷ್ಟೇ ಆಗಬೇಕಿತ್ತು.

ಆದರೆ ಓಬಳರಾಜುವಿಗೆ ಹೇಳದೇ ಇರುವುದೇ ರೂಢಿಯಾಗಿತ್ತು. ಅಪ್ಪನ ಕಾಲಕ್ಕೆ ಮನೆಯ ನಂಬಿಕೆ ಬದಲಾಗಿದ್ದರೂ ತಾತನ ಹೆಸರು ಇವನಿಗೆ ಉಳಿದಿತ್ತು. ಆ ಹೆಸರಿನ ಮರೆಯಲ್ಲಿ ಕಂಪನಿಯವರು ಏನೂ ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ. ನಿನ್ನೆ ಅವರೆಲ್ಲ ಸಿದ್ದರಬೆಟ್ಟ ಹತ್ತುವಾಗ ಜೊತೆಗೆ ಹೋಗಿದ್ದ. ಪೂಜಾರಿ ಮಣಿಕಟ್ಟಿಗೆ ಕೆಂಪು ದಾರ ಕಟ್ಟುವಾಗ ಕೈ ಹಿಂದಕ್ಕೆಳೆದುಕೊಳ್ಳುವ ಧೈರ್ಯವಾಗಲಿಲ್ಲ. ಇವತ್ತು ಬೆಳಿಗ್ಗೆ ಕತ್ತರಿಸಲೆಂದು ಬ್ಲೇಡು ಹಿಡಿದವನು, ನಾಳೆ ಅವರು ‘ದಾರ ಎಲ್ಲಿ?’ ಎಂದರೆ ಏನು ಹೇಳಲಿ ಎಂದು ಹಾಗೇ ಕೆಳಗಿಟ್ಟ. ತುಂಬುತೋಳಿನ ಅಂಗಿ ತೊಟ್ಟು ಬಂದ.

ಕೊನೆಗೂ ಒಳಗೆ ಹೋದ. ಬೆಂಚಿನ ಮೇಲೆ ದಪ್ಪ ಮೀಸೆಯವನೊಬ್ಬ ಹೆಗಲ ಮೇಲೆ ಕೇಸರಿ ಟವೆಲು ಹಾಕಿಕೊಂಡು ಕೂತಿದ್ದ. ಆ ಟವೆಲು ಕಂಡದ್ದೇ ಓಬಳರಾಜು ಬಾಗಿಲಿಗೆ ಹತ್ತಿರದ ಜಾಗ ನೋಡಿ ಕೂತ.

“ಏನ್ ಕೊಡ್ಲಿ ಸಾ?” ಒಲೆಯ ಹತ್ತಿರವಿದ್ದ ಹೆಂಗಸು ಕೇಳಿದಳು. ಅವಳೇ ಇಂದ್ರಮ್ಮ.

“ಕಾಫಿ,” ಎಂದ. ಹೇಳಬೇಕಾದ ಮಾತು ಅದರ ಹಿಂದೆಯೇ ನಿಂತುಬಿಟ್ಟಿತು.

“ಪ್ಯಾನೆಲ್ ಕಂಪ್ನಿಯೋರಾ?” ಮೀಸೆಯವನು ಮಾತಿಗೆಳೆದ. “ಭಾನ್ವಾರಾನೂ ಡ್ಯೂಟಿನಾ? ಸೂರ್ಯಂಗೂ ರಜ ಕೊಡಾಕಿಲ್ವಾ ತಾವು?”

ಇಂದ್ರಮ್ಮ ನಕ್ಕಳು. “ಸುಮ್ಕಿರು ಕದರಪ್ಪಣ್ಣ, ಪಾಪ ಅವ್ರು ಕಾಫಿ ಕುಡೀಲಿ.”

“ಎಸ್ರು ಕೇಳಾಕೂ ಟ್ಯಾಕ್ಸಾ? ಏನ್ ಸಾ ಎಸ್ರು?”

“ಓಬಳರಾಜು.”

“ಮಂಚಿ ಪೇರು, ಒಳ್ಳೆ ಎಸ್ರು! ಓಬಳ ನರಸಿಂಹಸ್ವಾಮಿ ಒಕ್ಲು ಅನ್ನಿ.”

ಓಬಳರಾಜು ಹೌದೆಂದು ತಲೆಯಾಡಿಸಿದ. ಹೀಗೇ ಬಿಟ್ಟರೆ ಈ ಭಾನುವಾರವೂ ಲಾಡ್ಜಿನ ಗೋಡೆ ನೋಡಿಯೇ ಕಳೆಯಬೇಕು. ಕಾಫಿಗೆ ಕೈ ಚಾಚಿ, ಹೇಗೋ ಬಾಯಿ ತೆರೆದ.

“ಇಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತದಂತೆ?”

ಅದು ಒಡಹುಟ್ಟಿದವರನ್ನು ಹುಡುಕಿಕೊಂಡು ಬಂದವನ ದನಿಯಾಗಿರಲಿಲ್ಲ. ಮಹಜರು ಬರೆಯಲು ಬಂದವನ ದನಿಯಾಗಿತ್ತು. ಅವನಿಗೇ ಅದು ಕೇಳಿಸಿತು.

ಇಂದ್ರಮ್ಮನ ಕಣ್ಣು ಅವನ ಚಾಚಿದ ಕೈಯ ಮೇಲಿತ್ತು. ಅಂಗಿಯ ತೋಳು ಮೇಲೆ ಸರಿದು ಕೆಂಪು ದಾರ ಕಾಣುತ್ತಿತ್ತು.

“ಪ್ರಾರ್ಥನೆನಾ? ಯಾರ್ ಏಳಿದ್ರು ಸಾ? ಇದು ವೋಟ್ಲು.”

ಮಂಗಳಕ್ಕನ ಹೆಸರು ನಾಲಿಗೆಯ ತುದಿಗೆ ಬಂತು. ಈ ಟವೆಲಿನವನ ಮುಂದೆ ಅವಳ ಹೆಸರೆತ್ತುವುದೇ? “ಯಾರೋ,” ಎಂದ.

“ಯಾರೋ ಅಂದ್ರೆ?” ಕದರಪ್ಪನ ದನಿಯಲ್ಲಿ ಈಗ ನಗೆಯಿರಲಿಲ್ಲ. “ಹಿಂದ್ಕೂ ಒಬ್ರು ಬಂದಿದ್ರು ಸಾ, ತಮ್ಮಂಗೇ ಇಸ್ತ್ರಿ ಅಂಗಿ. ಕಾಫಿ ಕುಡುದ್ರು, ಫೋಟೋ ಹಿಡುದ್ರು, ಸಂದಾಗೈತೆ ಅಂದ್ರು. ಮುಂದಿನ್ ವಾರ ಜೀಪ್ನಾಗೆ ಜನ ಬಂದು ಕುರ್ಚಿ ಎಲ್ಲಾ ಮುರುದ್ರು. ಬೋರ್ಡಿಗೆ ಬಣ್ಣ ಹೊಡ್ದಿದ್ದು ಆಮ್ಯಾಕೆ.”

ಬೆದರಿಸುತ್ತಿದ್ದಾನೆ ಎಂದುಕೊಂಡ ಓಬಳರಾಜು. ಮುರಿದವರ ಕಡೆಯವನೇ ಇವನು. ಬೈಕಿನ ಕೀ ಯಾವ ಜೇಬಿನಲ್ಲಿದೆ ಎಂದು ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಮುದುಕಿಯೊಬ್ಬಳು ಬಂದು ನಿಂತಳು. ಕಂಕುಳಲ್ಲಿ ಬಟ್ಟೆ ಸುತ್ತಿದ ದಪ್ಪನೆಯ ಪುಸ್ತಕ. ಒಳಗಿನ ಕತ್ತಲೆಗೆ ಅವಳ ಕಣ್ಣು ಇನ್ನೂ ಹೊಂದಿಕೊಂಡಿರಲಿಲ್ಲ.

“ವಂದನಾಲು ಕದರಪ್ಪಾ! ವಂದನಾಲಮ್ಮಾ ಇಂದ್ರಮ್ಮಾ!”

ಕದರಪ್ಪನ ಎರಡು ಕೈಗಳೂ ತಾವಾಗಿಯೇ ಎದೆಯ ತನಕ ಎದ್ದವು. ಅಲ್ಲಿಂದ ಹಾದಿ ತಪ್ಪಿ ಹೆಗಲ ಮೇಲಿನ ಟವೆಲು ಎಳೆದುಕೊಂಡು ಮುಖ ಒರೆಸಿದವು.

“ಆಲು ಇವತ್ತು ಬ್ಯಾಡ ಕಣ್ ಚಿಕ್ಕಕ್ಕ,” ಇಂದ್ರಮ್ಮ ಅವಸರದಿಂದ ಹೇಳಿದಳು. “ಓಗು, ಓಗ್ಬುಡು.”

ಚಿಕ್ಕಕ್ಕನ ಕೈಯಲ್ಲಿ ಹಾಲಿನ ಪಾತ್ರೆಯೇ ಇರಲಿಲ್ಲ. ಅವಳು ಇಂದ್ರಮ್ಮನನ್ನು ನೋಡಿದಳು, ಆಮೇಲೆ ಓಬಳರಾಜುವನ್ನು. ಪುಸ್ತಕವನ್ನು ಸೆರಗಿನೊಳಗೆ ಎಳೆದುಕೊಂಡಳು. “ಅಂಗಾರೆ ನಾಳೆ ತರ್ತೀನಿ ಬುಡು, ಆಲ,” ಎಂದು ತಿರುಗಿದಳು.

ಕದರಪ್ಪ ಲೋಟ ಎತ್ತಿಕೊಂಡ. ಖಾಲಿಯಾಗಿದ್ದ ಅದನ್ನೇ ಬಾಯಿಗಿಟ್ಟು ಕುಡಿದಂತೆ ಮಾಡಿದ. ಅಷ್ಟು ಹೊತ್ತೂ ಆ ಮನುಷ್ಯ ತನಗೆ ಹೆದರಿಕೊಂಡು ಮಾತಾಡುತ್ತಿದ್ದನೆಂದು ಓಬಳರಾಜುವಿಗೆ ಆಗ ತಿಳಿಯಿತು.

ಈಗ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಆ ಮಾತು ಮಂಗಳಕ್ಕ ಕೊಟ್ಟದ್ದಾಗಿ ಉಳಿಯುತ್ತಿರಲಿಲ್ಲ. ಮುದುಕಿಯ ಬಾಯಿಂದ ಈಗಷ್ಟೇ ಕದ್ದದ್ದಾಗುತ್ತಿತ್ತು. ದಾರ ಕಟ್ಟಿದ ಕೈ ಮುಗಿದು ‘ವಂದನಾಲು’ ಎಂದರೆ ಯಾರು ನಂಬುತ್ತಾರೆ? ಇನ್ನಷ್ಟು ಹೆದರುತ್ತಾರೆ. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ. ನಿಜಕ್ಕೂ ಯಾರು ಹೆಚ್ಚು ಹೆದರಿದ್ದರೆಂದು ವಿಚಾರಿಸಲು ಹೋಗಲಿಲ್ಲ.

“ನಾನು ಬರ್ತೀನಮ್ಮ,” ಎಂದು ಎದ್ದ.

ಹೊರಗೆ ಪಕ್ಕದ ಊರು ವಳ್ಳೂರಿನ ಕಡೆಯಿಂದ ಒಬ್ಬೊಬ್ಬರಾಗಿ ಜನ ಬರುತ್ತಿದ್ದರು, ಒಗೆದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ. ಇಂದ್ರಮ್ಮ ಬಾಗಿಲಿಗೆ ಬಂದು ಒರೆಸುವ ಬಟ್ಟೆ ಕೊಡವಿದಳು. ಅದನ್ನು ಕಂಡದ್ದೇ ಅವರು ಅಲ್ಲಲ್ಲೇ ನಿಂತು, ಬಸ್ಸಿಗೆ ಕಾಯುವವರ ಹಾಗೆ ರಸ್ತೆಯ ಕಡೆ ನೋಡತೊಡಗಿದರು. ಓಬಳರಾಜು ಅವರ ನಡುವೆಯೇ ಬೈಕು ಓಡಿಸಿಕೊಂಡು ಹೋದ. ಅವನ ಮುಖವನ್ನು ಯಾರೂ ನೋಡಲಿಲ್ಲ.

ಅವನು ‘ವಂದನಾಲು’ ಎಂದು ಹೇಳಲೇ ಇಲ್ಲ.